ಜೋಡಿ ಹೆಜ್ಜೆ

ಕೊಕ್ಕರೆ ಹೆಜ್ಜೆ ಕದಿಯುತ್ತಿದ್ದ. ಉಸ್ತಾದರಿಗೆ ಅದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ಪೆರೇಡ್ ಮೈದಾನದಲ್ಲಿ ಜೋಡಿ ಪಂದ್ಯದ ಅಭ್ಯಾಸ. ಡ್ರಿಲ್ ಕಲಿಸುವ ಉಸ್ತಾದರೂ, ಉದ್ದ ಕಾಲಿಗೆ ಕೊಕ್ಕರೆಯೆಂದೇ ಹೆಸರಾದ ಅವರ ಕಿರಿಯ ಜೊತೆಗಾರನೂ ಪಕ್ಕಪಕ್ಕದಲ್ಲಿ ನಡೆಯುತ್ತಿದ್ದರು. ಇಬ್ಬರ ಕೈಯಲ್ಲೂ ಪೇಸ್ ಸ್ಟಿಕ್. ಶಾಲೆಯ ಕೈವಾರವನ್ನು ಸೊಂಟದೆತ್ತರಕ್ಕೆ ಬೆಳೆಸಿದಂಥ, ಎರಡು ಕಾಲಿನ ಮರದ ಕೋಲು. ಅದನ್ನು ಬೆರಳಲ್ಲೇ ತಿರುಗಿಸುತ್ತ ನಡೆಯಬೇಕು. ಕೋಲಿನ ತುದಿ ನೆಲ ಮುಟ್ಟುವ ಗಳಿಗೆಗೇ ನಡೆಯುವವನ ಹಿಮ್ಮಡಿಯೂ ಮುಟ್ಟಬೇಕು. ಕೋಲು ಎಷ್ಟು ಅಗಲ ತೆರೆದಿದೆಯೋ ಹೆಜ್ಜೆಯೂ ಅಷ್ಟೇ. ಆ ಅಗಲವನ್ನು ಹಿಡಿದಿಡಲು ನಡುವೆ ತೂತುಗಳಿರುವ ಹಿತ್ತಾಳೆ ಪಟ್ಟಿ. ಗದ್ದ ಮೇಲೆ, ಕಣ್ಣು ಮುಂದೆ. ಕೆಳಗೆ ನೋಡಿದವನ ಮಾನ ಅಲ್ಲಿಗೇ ಹೋಯಿತು.

ಕಳ್ಳತನ ಪತ್ತೆಯಾದದ್ದು ಭುಜದಿಂದ. ವರ್ಷಗಟ್ಟಲೆ ಉಸ್ತಾದರಿಗೆ ಸಮವಾಗಿ ಬರುತ್ತಿದ್ದ ಕೊಕ್ಕರೆಯ ಭುಜ ಈಗ ಹಿಂದೆ ಬೀಳುತ್ತಿತ್ತು. ಅಂದರೆ ಅವನು ತನ್ನ ಪಟ್ಟಿಯನ್ನು ಒಂದು ತೂತು ಒಳಗೆಳೆದುಕೊಂಡಿದ್ದಾನೆ.

ಕೇಳಿಬಿಡಬಹುದಿತ್ತು. ಆದರೆ ಕಿರಿಯನನ್ನು ಕರೆದು "ಏನಯ್ಯಾ ನಿನ್ನ ಕಷ್ಟ?" ಎನ್ನುವುದು ಉಸ್ತಾದರ ಜಾಯಮಾನವಲ್ಲ. ಹಿರಿಯನೆದುರು ತಾನಾಗಿ ಬಾಯಿ ಬಿಡುವುದು ಕೊಕ್ಕರೆಯ ಜಾಯಮಾನವೂ ಅಲ್ಲ. ಮೈದಾನದಲ್ಲಿ ಇವರದು ಹುಕುಂ, ಅವನದು "ಎಸ್ ಉಸ್ತಾದ್". ಅದರಾಚೆಗೆ ಮಾತಿರಲಿಲ್ಲ.

ಬೇರೆ ಪಂದ್ಯವಾಗಿದ್ದರೆ ಹೋಗಲಿ ಎನ್ನಬಹುದಿತ್ತು. ತಿಂಗಳ ಕೊನೆಗೆ ಉಸ್ತಾದರ ನಿವೃತ್ತಿ. ಈ ಸಲದ ಜೋಡಿ ಪಂದ್ಯ ಗೆದ್ದ ಹಿರಿಯನಿಗೆ ಸೇವೆ ಮುಂದುವರಿಯುತ್ತದೆ, ದೂರದ ತರಬೇತಿ ಶಾಲೆಗೆ ಮುಖ್ಯ ಉಸ್ತಾದನಾಗಿ ವರ್ಗವಾಗುತ್ತದೆ. ಸೋತರೆ ಮನೆ. ಮನೆಯಲ್ಲಿ ಕೂತು ಏನು ಮಾಡುವುದೆಂದು ಅವರಿಗೆ ತೋಚುತ್ತಿರಲಿಲ್ಲ. ತರಕಾರಿಯವನಿಗೆ ಸಾವಧಾನ್ ಹೇಳಿದರೆ ನಿಲ್ಲುತ್ತಾನೆಯೇ?

ಎದುರಾಳಿ ಜೋಡಿಯವರು ಕ್ಯಾಂಟೀನಿನಲ್ಲಿ ಕೊಕ್ಕರೆಗೆ ಟೀ ಕೊಡಿಸಿದ್ದನ್ನು ಉಸ್ತಾದರು ಕಣ್ಣಾರೆ ಕಂಡಿದ್ದರು. ಅಷ್ಟು ಸಾಕಾಯಿತು. ಒಂದು ಲೋಟ ಟೀಗೆ ಮಾರಿಕೊಂಡಿದ್ದಾನೆ ಎಂದು ತೀರ್ಮಾನಿಸಿ, ಸಂಜೆ ಹೆಂಡತಿಯೆದುರು ಕುದಿದರು.

ಹೆಂಡತಿ ಒಳ್ಳೆಯವಳು. ಮದುವೆಯಾದಾಗಿನಿಂದ ಒಂದು ಕ್ವಾರ್ಟರ್ಸಿನಿಂದ ಇನ್ನೊಂದಕ್ಕೆ ಟ್ರಂಕುಗಳಲ್ಲಿ ಸಂಸಾರ ತುಂಬಿ ಗೊಣಗದೆ ಹೊತ್ತವಳು. ಹೋದ ವರ್ಷವಷ್ಟೇ ಸ್ವಂತ ಮನೆ ಕಂಡವಳು. ಈ ಪಂದ್ಯದ ಮೇಲೆ ಅವಳಿಗೂ ಭಾರಿ ಆಸಕ್ತಿ. ಅಭ್ಯಾಸ ಹೇಗಾಯಿತೆಂದು ದಿನಾ ಕೇಳುತ್ತಿದ್ದಳು. ಕೊಕ್ಕರೆಗೆ ತಿಂಡಿ ಡಬ್ಬಿಯನ್ನು ಖುದ್ದಾಗಿ ಅವನ ಬಾಗಿಲಿಗೇ ಒಯ್ದು ಕೊಡುತ್ತಿದ್ದಳು.

"ಬೇಕೂಂತ ಚಿಕ್ಕ ಹೆಜ್ಜೆ ಇಡ್ತಿದಾನೆ ಕಣೇ. ಜೋಡಿ ಒಡೀಲಿ ಅಂತ."

"ನೀವೂ ಚಿಕ್ಕದಿಡಿ. ಆಗ ಹೇಗೆ ಒಡೆಯುತ್ತೆ?"

"ಪಂದ್ಯಕ್ಕೆ ಹೆಜ್ಜೆ ಇಷ್ಟೇ ಇರ್ಬೇಕು ಅಂತ ಅಳತೆ ಇದೆ, ಅದು ತಪ್ಪುತ್ತಲ್ಲ?"

"ಜೋಡಿ ಅಂದ್ಮೇಲೆ ಯಾರಾದ್ರೂ ಒಬ್ರು ಹೊಂದ್ಕೊಂಡು ಹೋಗ್ಬೇಕಪ್ಪ. ಇಷ್ಟು ವರ್ಷ ನಾನು ಬಂದಿಲ್ವಾ?"

ಉಸ್ತಾದರಿಗೆ ಹೌದೆನ್ನಿಸಿತು. ತೀರ್ಪುಗಾರರು ಮೊದಲು ನೋಡುವುದು ಎರಡು ಕೋಲು ಒಂದಾಗಿ ತಿರುಗುತ್ತಿವೆಯೇ ಎಂದು. ಅನುಮಾನ ಬಂದರೆ ಮಾತ್ರ ಟೇಪು ಹಿಡಿಯುತ್ತಾರೆ. ಒಂದು ತೂತು ಯಾರ ಕಣ್ಣಿಗೆ ಬಿದ್ದೀತು?

"ಗೆದ್ರೆ ಮತ್ತೆ ಗಂಟುಮೂಟೆ ಕಟ್ಬೇಕಲ್ವಾ?" ಎಂದು ಕೇಳಿದಳು.

"ಮತ್ತಿನ್ನೇನು? ಯಾಕೆ, ಖುಷಿಯಿಲ್ವಾ ನಿಂಗೆ?"

"ನಿಮ್ಮ ಖುಷಿನೇ ನನ್ನ ಖುಷಿ," ಎನ್ನುತ್ತ ಅವಳು ಪಾತ್ರೆ ತೊಳೆಯಲು ಹೋದಳು.

ಮರುದಿನ ಉಸ್ತಾದರೂ ತಮ್ಮ ಪಟ್ಟಿಯನ್ನು ಒಂದು ತೂತು ಒಳಗೆಳೆದರು. ಭುಜಕ್ಕೆ ಭುಜ ಸಮವಾಯಿತು. ಆ ನೆಮ್ಮದಿ ಹೆಚ್ಚು ಕಾಲ ಉಳಿಯಲಿಲ್ಲ. ಕೊಕ್ಕರೆ ಮತ್ತೆ ಹಿಂದೆ ಬಿದ್ದ. ಎಷ್ಟು ಇಳಿಯುತ್ತೀಯೋ ಇಳಿ ಮಗನೇ, ನೋಡೇ ಬಿಡೋಣ ಎಂದು ಉಸ್ತಾದರು ಹಲ್ಲು ಕಚ್ಚಿ ಇನ್ನೊಂದು ತೂತು ಇಳಿದರು. ಅವನೂ ಇಳಿದ. ಪಂದ್ಯದ ಮುಂಜಾನೆಯೂ ಈ ಇಳಿಯಾಟ ನಿಂತಿರಲಿಲ್ಲ.

ಹೆಸರು ಕೂಗಿದರು. ಇಬ್ಬರೂ ಹೊರಟರು. ಕೋಲುಗಳು ಒಂದೇ ಕೈಯಲ್ಲಿದ್ದಂತೆ ತಿರುಗಿದವು. ಎಂಥ ಜೋಡಿ ಎಂದು ಉಸ್ತಾದರ ಎದೆಯುಬ್ಬಿತು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಗ್ಯಾಲರಿ. ದಪ್ಪ ಮೀಸೆಯ ಇಬ್ಬರು ಗಂಡಸರು, ಒದ್ದೆ ನೆಲದ ಮೇಲಿನ ಅಜ್ಜಿಯರ ಹಾಗೆ ಪುಟುಪುಟು ಸಾಗುತ್ತಿದ್ದುದು, ಕೆಳಗೆ ನೋಡುವಂತಿಲ್ಲದ ಆ ಇಬ್ಬರನ್ನು ಬಿಟ್ಟು ಎಲ್ಲರಿಗೂ ಕಾಣುತ್ತಿತ್ತು.

ತೀರ್ಪುಗಾರರು ಟೇಪು ಹಿಡಿದು ಕುಕ್ಕರುಗಾಲಲ್ಲಿ ಕೂತರು. ಎದ್ದು ತಲೆಯಾಡಿಸಿದರು.

"ಜೋಡಿ ಅದ್ಭುತ. ಹೆಜ್ಜೆ ಅನರ್ಹ."

ಗ್ಯಾಲರಿಯ ಹಿಂದೆ ಉಸ್ತಾದರು ಕೊಕ್ಕರೆಯ ಕಾಲರ್ ಹಿಡಿದರು. "ಯಾಕೋ ಹೀಗ್ ಮಾಡ್ದೆ?"

ಕೊಕ್ಕರೆಯ ಕಣ್ಣು ತುಂಬಿತ್ತು. "ನಿಮ್ಮ ಮಂಡಿಗೋಸ್ಕರ ಉಸ್ತಾದ್."

"ಯಾವ ಮಂಡಿ?"

"ಎಡಗಡೇದು. ರಾತ್ರಿಯೆಲ್ಲ ನರಳ್ತಾರೆ, ಹೇಳ್ಕೊಳ್ಳೋಕೆ ಅವ್ರಿಗೆ ನಾಚಿಕೆ, ನೀನೇ ಸ್ವಲ್ಪ ಚಿಕ್ಕ ಹೆಜ್ಜೆ ಇಡಪ್ಪಾ ಅಂತ ಡಬ್ಬಿ ಕೊಡೋಕೆ ಬಂದಾಗ ಅಕ್ಕ ಕೈ ಹಿಡ್ಕೊಂಡು ಕೇಳಿದ್ರು. ಇಟ್ಟೆ. ನೀವೂ ತಕ್ಷಣ ಚಿಕ್ಕದಿಟ್ರಿ. ಪಾಪ, ನೋವು ಜಾಸ್ತೀನೇ ಇರ್ಬೇಕು ಅಂತ ಇನ್ನೊಂದು ತೂತು ಇಳಿಸ್ದೆ."

ಉಸ್ತಾದರ ಕೈ ಸಡಿಲವಾಯಿತು. ಅವರ ಮಂಡಿಗೆ ಈವರೆಗೆ ಏನೂ ಆಗಿರಲಿಲ್ಲ. ಎಂದೋ ಮೆಟ್ಟಿಲು ಹತ್ತುವಾಗ "ಅಮ್ಮಾ" ಎಂದಿರಬಹುದು, ಅಷ್ಟೇ. ಅದನ್ನು ಕೇಳಿ ಅವಳೆಷ್ಟು ಹೆದರಿದಳೋ! ದಾರಿಯುದ್ದಕ್ಕೂ ಸಿಟ್ಟು ಕರಗುತ್ತ ಬಂತು. ಹೆಂಗರುಳು, ತನಗೆ ಒಳ್ಳೆಯದಾಗಲೆಂದೇ ಮಾಡಿದ್ದಾಳೆ. ಅವಳಿಗೆ ಒಂದು ಮಾತೂ ಅನ್ನಬಾರದೆಂದು ನಿಶ್ಚಯಿಸಿದರು.

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಮುಖ ನೋಡಿಯೇ ತಿಳಿದುಕೊಂಡು ನೀರು ತಂದುಕೊಟ್ಟಳು. ಉಸ್ತಾದರು ಸಮವಸ್ತ್ರ ಬಿಚ್ಚಿ ಮಡಿಸಿದರು.

"ಇನ್ನು ಇದ್ರ ಕೆಲ್ಸ ಮುಗೀತು. ಅಟ್ಟದ ಮೇಲಿಂದ ಒಂದು ಟ್ರಂಕ್ ಇಳಿಸು, ಹಾಕಿಡೋಣ."

"ಟ್ರಂಕಾ? ಅವನ್ನೆಲ್ಲ ಬೆಳಗ್ಗೆ ನೀವು ಪಂದ್ಯಕ್ಕೆ ಹೊರಟ ಕೂಡ್ಲೇ ಗುಜರಿಯವನಿಗೆ ಹಾಕ್ಬಿಟ್ಟೆ ಕಣ್ರೀ," ಎಂದಳು.