ಅಡುಗೆಮನೆಯ ಗೋಡೆ

ರೈಲ್ವೆ ಕ್ವಾರ್ಟರ್ಸ್ ಬಿಡುವವರು, ಸುಣ್ಣ ಬಳಿಯುವ ಮೊದಲು, ಯಾವುದಾದರೂ ಒಂದು ಗೋಡೆ ಇಷ್ಟು ವರ್ಷ ಕೇಳಿಸಿಕೊಂಡ ದನಿಗಳನ್ನು ಒದ್ದೆ ಬಟ್ಟೆಗೆ ಇಳಿಸಿಕೊಂಡು ಒಯ್ಯಬಹುದಿತ್ತು. ಹುಟ್ಟಿ ಬೆಳೆದ ಮನೆಯ ಪಡಸಾಲೆ ಗೋಡೆಯೇ ಬೇಕೆಂದು ಶಶಿಕಲಾಳ ಆಸೆ. ಅವಳ ಮಗ್ಗಿ, ಅಪ್ಪನ ನಗೆ ಎಲ್ಲ ಅದರಲ್ಲಿದ್ದವು. ಅವ್ವ ಮಾತ್ರ ಅಡುಗೆಮನೆಯತ್ತ ನಡೆದು, ಪಕ್ಕದ ಮಮತಾಜಬಿಯ ಮನೆಗೂ ತಮಗೂ ನಡುವಿದ್ದ ಗೋಡೆಗೆ ಬಟ್ಟೆ ಹಚ್ಚಿದಳು.

"ಅದ್ರಾಗ ಬರೇ ಅವರ ದನಿ ಐತಲ್ಲಬೇ," ಎಂದು ಶಶಿಕಲಾ ಮುಖ ಊದಿಸಿದಳು.

"ನಮ್ಮ ದನಿ ನಮ್ಮ ಕೂಡನ ಬರ್ತಾವು. ಆಕಿದು ಹೆಂಗ ಬರಬೇಕು?"

ಹೊಸ ಮನೆಯ ಮೊದಲ ಬೆಳಗು, ಗೂಟಕ್ಕೆ ತೂಗುಹಾಕಿದ್ದ ಬಟ್ಟೆ ಕೇಳಿತು: "ಚಾ ಆತೇನ್ರಿ ಅಕ್ಕಾರ?"

"ಕುದಿಯಾಕತ್ತೈತಿ, ಬರ್ರಿ," ಎಂದಳು ಅವ್ವ.

ಶಶಿಕಲಾ ಪಾತೇಲಿಗೆ ಇನ್ನೊಂದು ಕಪ್ ನೀರು ಸುರಿದಳು.