ಹಾಲುಮನೆ ತೊಳೆದ ಮಧ್ಯಾಹ್ನ

ಹಸಿ ಹಾಲಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಬೆಟ್ಟದೂರು ಇತ್ತಲಾರಿನ ನಮ್ಮ ಹಟ್ಟಿಯಲ್ಲಿ ನಾನಾಗ ಸಣ್ಣ ಹುಡುಗಿ. ಬಿಳಿ ದೊರೆಯ ಚಹಾ ತೋಟದಿಂದ ಉಣ್ಣಲು ಬಂದ ಚಿಕ್ಕಪ್ಪ, ಹಿಟ್ಟಿನ ಮುದ್ದೆ ಆರಿದೆಯೆಂದು ಎಮ್ಮೆ ಹೊಡೆಯುವ ಕೋಲಿನಿಂದ ಚಿಕ್ಕಮ್ಮನನ್ನು ಬಡಿದ. ದಾರಿ ಕಾಣದೆ ಅವಳು ಒಳಗಿನ ಹಾಲುಮನೆಗೆ ನುಗ್ಗಿದಳು. ಹೆಂಗಸರು ಅಲ್ಲಿ ಕಾಲಿಡುವಂತಿರಲಿಲ್ಲ. ಬಿದಿರಿನ ಅಂಡೆ ಉರುಳಿ, ಹಾಲು ಅವಳ ಹಣೆಯ ರಕ್ತದೊಡನೆ ಹರಿಯಿತು.

"ಅಯ್ಯೋ ಕೆಟ್ಟವಳೇ, ಹಾಲುಮನೆ ತೀಟಾಯ್ತಲ್ಲ!" ಎಂದು ಅಜ್ಜ ಕೂಗಿದ.

ಆ ಮೈಲಿಗೆ ಕಳೆಯಲು ಗಂಡಸರೆಲ್ಲ ಸೇರಿ ಸಗಣಿನೀರು ಸುರಿದು ಕೋಣೆಯನ್ನು ತೊಳೆದೇ ತೊಳೆದರು. ಅಂಗಳದಲ್ಲಿ ಕೂತವಳ ಹಣೆಗೆ ಒಂದು ಚೊಂಬು ನೀರು ಹಾಕಿದವರಿಲ್ಲ.

ನಾನು ಅಜ್ಜಿಯನ್ನು ಕೇಳಿದೆ: "ಹೆತ್ತೆ, ಚಿಕ್ಕಪ್ಪನ ಕೈಯ ತೊಳೆವದಿಲ್ಲೆಯಾ?"

ಅಜ್ಜಿ ನನ್ನ ಬಾಯಿ ಒತ್ತಿ ಹಿಡಿದಳು. "ಸುಮ್ಮನಿರು ಕೂಸೇ, ಗಂಡಸರ ಕಿವಿಗೆ ಬಿದ್ದೀತು."

ಸಂಜೆ ಚಿಕ್ಕಪ್ಪ ಅದೇ ಕೈಯಲ್ಲಿ ಎಮ್ಮೆ ಕರೆದು ಹಾಲನ್ನು ಆ ಕೋಣೆಯೊಳಗಿಟ್ಟ.

ಆಮೇಲೆ ಚಿಕ್ಕಮ್ಮ ಕೇಳದೆ ಯಾವ ಹೊಸ್ತಿಲನ್ನೂ ದಾಟಲಿಲ್ಲ. ಹಟ್ಟಿಯವರು ಹುಚ್ಚಿಯೆಂದು ನಕ್ಕರು. ಮುದುಕಿಯಾದ ಮೇಲೂ, ತಾನೇ ಸಾರಿಸಿದ ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ಕೇಳುತ್ತಿದ್ದಳು: "ನಾ ಒಳಗ ಬರಲಾ, ಕೂಸೇ?"