ಎರಡು ಮನೆ ನಡೆದ ಪ್ಯಾದೆ

ಹೊಸ ವಾರ್ನಿಷ್ ವಾಸನೆ ಬಂದರೆ ಇವತ್ತಿಗೂ ನನಗೆ ಬೀದರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ನಾವು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅದು. ಚದುರಂಗದ ಪಂದ್ಯಕ್ಕೆ ಹೆಸರು ಕೊಟ್ಟ ಒಬ್ಬಳೇ ಹೆಂಗಸು ನನ್ನ ಸೋದರತ್ತೆ. ಭಾತಂಬ್ರಾದ ಶಾಲೆಯಲ್ಲಿ ಕಲಿಸುತ್ತಿದ್ದಳು. ಎದುರಿಗೆ ಕುಳಿತವರು ಊರಿನಲ್ಲಿ ಯಾರಿಗೂ ಸೋಲದ ವಕೀಲಸಾಹೇಬರು. ಕಾಯಿಗಳ ವಾರ್ನಿಷ್ ಇನ್ನೂ ಬೆರಳಿಗೆ ಅಂಟುತ್ತಿತ್ತು.

ಅತ್ತೆ ಮೊದಲ ನಡೆಗೇ ರಾಜನ ಮುಂದಿನ ಪ್ಯಾದೆಯನ್ನು ಎರಡು ಮನೆ ಸರಿಸಿದಳು. ಸುತ್ತ ನಿಂತವರು ಗೊಳ್ಳೆಂದು ನಕ್ಕರು.

“ಅಕ್ಕೋರ, ಪ್ಯಾದಿ ಒಂದೇ ಮನಿ ನಡೀತದರಿ,” ಎಂದರು ವಕೀಲರು.

“ಈ ಪಂದ್ಯದಾಗ ಎರಡೂ ನಡೀತದರಿ, ಸಾಹೇಬ್ರ. ಕಾಯ್ದೆ ಗ್ವಾಡಿ ಮ್ಯಾಲ ಹಚ್ಚ್ಯಾರ, ನೋಡ್ರಿ.”

ವಕೀಲರು ಗೋಡೆಯ ಹಾಳೆಯನ್ನು ಬಹಳ ಹೊತ್ತು ನೋಡಿದರು. ಉರ್ದುವಿನಲ್ಲಿ ನೂರಾರು ಖಟ್ಲೆ ನಡೆಸಿದವರು ಅವರು, ಹಾಳೆ ಕನ್ನಡದಲ್ಲಿತ್ತು. ಕೊನೆಗೆ ನನ್ನನ್ನು ಕರೆದು, “ಬೇಟಿ, ನೀ ಓದವ್ವಾ,” ಎಂದರು. ನಾನು ಗಟ್ಟಿಯಾಗಿ ಓದಿದೆ. ಅತ್ತೆಯ ಮಾತೇ ನಿಜವಾಗಿತ್ತು. ನಗು ನಿಂತಿತು.

ಆಮೇಲೆ ಆಟ ಕಾವೇರಿತು. ಅತ್ತೆಯ ಆನೆಗಳು ನುಗ್ಗಿದವು, ವಕೀಲರ ವಜೀರ ಬಿದ್ದ. ಜನ ಬೆಂಚು ಹತ್ತಿ ನಿಂತರು. “ಶಹ!” ಎಂದಳು ಅತ್ತೆ. ಮತ್ತೆ “ಶಹ!” ರಾಜನಿಗೆ ಹೋಗಲು ಒಂದು ಮನೆಯೂ ಉಳಿಯಲಿಲ್ಲ. ನಾನು ಕುಣಿದಾಡಿದೆ.

ವಕೀಲರು ಎದ್ದು ಅತ್ತೆಗೆ ಕೈಮುಗಿದರು. ಹೊರಡುವಾಗ ನನ್ನ ಪಕ್ಕ ಬಗ್ಗಿ, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದರು: “ನಾಳಿ ನಮ್ಮ ಮನಿಗೆ ಪಾಟಿ ತಗೊಂಡು ಬಾ, ಬೇಟಿ. ಅ, ಆದಿಂದ ಶುರು ಮಾಡೂಣು.”